ವೀರಕಥೆಗಳ ಮುಕ್ತಾಯವೂ ಪ್ರೇಕ್ಷಕರ ಆಕ್ಷೇಪಗಳೂ

ಕಾವ್ಯವನ್ನು ಓದಿ ಮುಗಿಸಿದವನು ಅಥವಾ ಆಟವನ್ನು ನೋಡಿ ಎದ್ದವನು ‘ಇದು ಹೀಗೆ ಮುಗಿಯಬಾರದಿತ್ತು’ ಎಂದರೆ ಅವನನ್ನು ಅರಸಿಕನೆಂದು ಬಗೆಯುವುದು ವಿಮರ್ಶಕರಲ್ಲಿ ಬಹುಕಾಲದಿಂದ ಬಂದ ರೂಢಿ. ‘ಅವನು ಆಗಲೇ ಸತ್ತಿದ್ದನಲ್ಲ, ಇಲ್ಲಿ ಹೇಗೆ ಬಂದ?’ ಎಂದು ಕೇಳುವವನಿಗಂತೂ ಇನ್ನೂ ಕೆಳಗಿನ ಪಂಕ್ತಿಯೇ ಗತಿ. ಕವಿಯ ಕೃತಿಯನ್ನು ಇದ್ದಂತೆ ಸ್ವೀಕರಿಸತಕ್ಕದ್ದು, ಅದು ಹೇಗಿರಬಹುದಿತ್ತೆಂದು ಹೇಳುವುದು ನಮ್ಮ ಕೆಲಸವಲ್ಲವೆಂದು ತರಗತಿಗಳಲ್ಲಿ ನಾವೇ ಎಷ್ಟೋ ಸಲ ವಿದ್ಯಾರ್ಥಿಗಳ ಬಾಯಿ ಮುಚ್ಚಿಸಿದ್ದೇವೆ. ‘ಪುಣ್ಯಕೋಟಿ’ಯ ಹಾಡನ್ನು ಕಲಿಯುವ ಮಗು ‘ಹುಲಿ ಏಕೆ ಸಾಯಬೇಕು, ಸುಮ್ಮನೆ ಹೋಗಬಹುದಿತ್ತಲ್ಲ’ ಎಂದು ಕೇಳಿದಾಗ ಉಪಾಧ್ಯಾಯರು ಮುಂದಿನ ಪಾಠಕ್ಕೆ ಹೋಗುವುದುಂಟು. ಆ ಮಗುವಿನ ಪ್ರಶ್ನೆ ವಿಮರ್ಶೆಯೇ ಅಲ್ಲವೆ? ವಿಮರ್ಶೆಯಾದರೆ ಎಂತಹ ವಿಮರ್ಶೆ? ಈ ಲೇಖನದಲ್ಲಿ ನಾವು ಪರಿಶೀಲಿಸಲು ಹೊರಟಿರುವುದು ಇದನ್ನೇ. ಆದರೆ ಪುಸ್ತಕಭಂಡಾರದಲ್ಲಿ ಕುಳಿತು ಮಾಡುವ ಪರಿಶೀಲನೆಗೆ ಇದು ಒದಗುವಂಥದಲ್ಲವಾದುದರಿಂದ ಒಂದು ಊರಿನಿಂದ ಆರಂಭಿಸುತ್ತೇವೆ.

ಆ ಊರು ಸಂತೆಕಲ್ಲೂರು. ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ನಡುವಣ ಈ ಸೀಮೆಯನ್ನು ಬಲ್ಲವರಿಗೆ ಅದರ ಎರಡು ಲಕ್ಷಣಗಳು ಪರಿಚಿತವಾಗಿವೆ. ಒಂದು, ಬಯಲಾಟದ ಬಳಕೆ, ಇನ್ನೊಂದು, ಚಿನ್ನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಗಣಿಗಳ ಗುರುತುಗಳು ಇವೆ. ಆಧುನಿಕ ಗಣಿಗಾರಿಕೆಯೂ ಅಲ್ಲಿ ನಡೆಯುತ್ತಿದೆ. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಕಂಡವನು ಶಾಸನತಜ್ಞನಲ್ಲ, ಚಿನ್ನದ ಅದಿರನ್ನು ಹುಡುಕುತ್ತ ಬಂದಿದ್ದ ಬೀಡನ್ ಎಂಬ ಎಂಜಿನಿಯರು. ‘ದೇವಾನಾಂಪ್ರಿಯ’ನೆಂದು ಮಾತ್ರ ಹೇಳಿಕೊಂಡ ಅರಸನು ಅಶೋಕನೇ ಎಂಬುದನ್ನು ಪ್ರಿನ್ಸೆಪ್ಪನು 1837ರಲ್ಲಿ ಸಿಂಹಳದ ವಂಶಕಥೆಗಳ ಬಲದಿಂದ ಊಹಿಸಿದ್ದನು, ಆ ಅರಸನ ಶಾಸನಗಳಲ್ಲಿಯೇ ಅಶೋಕನೆಂಬ ಹೆಸರು ಮೊದಲು ಕಾಣಿಸಿದ್ದು ಮಸ್ಕಿಯಲ್ಲಿ. ಒಂದು ಮಹಾಕಥೆಯಲ್ಲಿ ಎಂಬತ್ತು ವರ್ಷ ಉಳಿದಿದ್ದ ಬಿರುಕು ಈ ಸೀಮೆಯ ಬಂಡೆಯೊಂದರ ಮೇಲೆ ಮುಚ್ಚಿತೆಂದು ಹೇಳಬಹುದು. ಇದು ಮುಖ್ಯ ವಿಷಯಕ್ಕೆ ಹೊರಗಿನ ಮಾತು. ಆದರೂ ಬಿರುಕು ಹುಡುಕುವ ಕೆಲಸ ಎಲ್ಲ ಕಾಲಕ್ಕೂ ಹಗುರವಾದುದಲ್ಲವೆಂದು ನೆನಪಿಡಲು ಅನುಕೂಲವಾದೀತು.

ಈ ಚಿನ್ನದ ಸೀಮೆಯಲ್ಲಿ ‘ಕೆ.ಜಿ.ಎಫ್.’ ಎಂಬ ಚಲನಚಿತ್ರದ ಎರಡು ಅಧ್ಯಾಯಗಳು ಇತರ ಊರುಗಳಿಗಿಂತ ಬೇರೆಯಾದ ಕುತೂಹಲವನ್ನು ಹುಟ್ಟಿಸಿದುದು ಸಹಜ. ಪ್ರಶಾಂತ್ ನೀಲ್ ಅವರ ನಿರ್ದೇಶನದಲ್ಲಿ, ಯಶ್ ಅವರು ನಾಯಕರಾಗಿ, ಮೊದಲನೆಯದು 2018ರ ಡಿಸೆಂಬರಿನಲ್ಲಿಯೂ ಎರಡನೆಯದು 2022ರ ಏಪ್ರಿಲಿನಲ್ಲಿಯೂ ತೆರೆಗೆ ಬಂದವು. ಮುಗಿಲೆತ್ತರದ ಪೌರುಷವುಳ್ಳ ನಾಯಕ, ಅವನಿಗೆ ಎದುರಾಗುವ ದೈತ್ಯರು, ಏಟಿಗೆ ಹತ್ತಾರು ಮಂದಿ ಉರುಳುವ ಕಾಳಗ ಇವೆಲ್ಲ ಇರುವುದರಿಂದ ಇಂಗ್ಲಿಷಿನ ಅತಿಮಾನುಷ ವೀರರ ಚಿತ್ರಗಳ ಪಕ್ಕಕ್ಕೆ ಇದನ್ನು ಇಡುವುದು ತಪ್ಪಾಗದು. ಕಥೆಯ ಕೊನೆ ಬಲ್ಲವರಿಗೆ ಗೊತ್ತಿದೆ. ಬಡತನದಲ್ಲಿ ಸಾಯುವ ತಾಯಿ ಮಗನಿಂದ ಒಂದು ಮಾತನ್ನು ಪಡೆಯುತ್ತಾಳೆ: ಹೇಗೆ ಬದುಕಿದರೂ ಸರಿ, ಸಾಯುವಾಗ ಸಿರಿವಂತನಾಗಿ, ಬಲಶಾಲಿಯಾಗಿ ಸಾಯಬೇಕು. ಎರಡನೆಯ ಅಧ್ಯಾಯದ ತುದಿಯಲ್ಲಿ ಅವನು ತನ್ನ ಚಿನ್ನದೊಡನೆ ಹಡಗಿನಲ್ಲಿ ಸಮುದ್ರದ ಪಾಲಾಗುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು ಎನ್ನುವಷ್ಟರಲ್ಲಿ, 1978ರಿಂದ 1981ರವರೆಗೆ ಹೊರದೇಶಗಳಲ್ಲಿ ಅವನು ಎಸಗಿದ ಕೃತ್ಯಗಳ ಕಡತವೊಂದು ಪ್ರಧಾನಿಯ ಕೈ ಸೇರುತ್ತದೆ. ಮೂರನೆಯ ಅಧ್ಯಾಯದ ಹಸ್ತಪ್ರತಿಯೊಂದು ದೊರೆಯುತ್ತದೆ.

ಅವನು ಸತ್ತನೋ ಇಲ್ಲವೋ? ಈ ಪ್ರಶ್ನೆಯ ಮೇಲೆ ಸಂತೆಕಲ್ಲೂರಿನ ಚಹಾದಂಗಡಿಯೊಂದರ ಮುಂದೆ ನಡೆದ ಚರ್ಚೆಯನ್ನು ಕೇಳುವ ಅವಕಾಶ ನಮಗೆ ದೊರೆತಿತ್ತು. ಲಿಂಗಸುಗೂರಿನ ಕಾಲೇಜಿಗೆ ಹೋಗುವ ಹುಡುಗನೊಬ್ಬನು ತನ್ನ ಚಿಕ್ಕಪ್ಪನೊಡನೆ ವಾದಿಸುತ್ತಿದ್ದನು. ಚಿಕ್ಕಪ್ಪ ಎಳೆಯತನದಿಂದ ಬಯಲಾಟಗಳನ್ನು ಕಂಡವರು, ಒಂದೆರಡರಲ್ಲಿ ಕುಣಿದವರು.

“ಕಾಕಾ, ಅಂವ ಸತ್ತಿಲ್ಲ. ಹೆಣ ತೋರಿಸ್ಯಾರೇನು?”

“ತಲಿ ತೋರಿಸಿದಾಗಾನ ರಾಮ ಸತ್ತಿದ್ದಿಲ್ಲೋ ತಮ್ಮಾ. ಹೆಣದ ಮಾತು ಬಿಡು. ಅವ್ವಗ ಕೊಟ್ಟ ಮಾತು ಏನಾತು, ಅದು ಹೇಳು.”

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಬೇರೆ ವಾದವನ್ನು ಹೂಡಿದನು. ನಮಗೆ ಮಾತ್ರ ಚಿಕ್ಕಪ್ಪನವರ ಮಾತು ಮನಸ್ಸಿನಲ್ಲಿ ನಿಂತಿತು. ಅದರಲ್ಲಿ ಎರಡು ಆಕ್ಷೇಪಗಳು ಅಡಗಿವೆ. ಹೆಣವನ್ನು ತೋರಿಸಿಲ್ಲವೆಂಬುದು ಸಾಕ್ಷ್ಯದ ಪ್ರಶ್ನೆ. ಸಾಕ್ಷ್ಯವನ್ನು ಕಥೆಗಾರನು ತನಗೆ ಬೇಕಾದಂತೆ ಒದಗಿಸಬಲ್ಲನು, ಅಡಗಿಸಲೂ ಬಲ್ಲನು. ತಾಯಿಗೆ ಕೊಟ್ಟ ಮಾತು ಏನಾಯಿತೆಂಬುದಾದರೋ ಕಥೆಯು ತಾನೇ ತನ್ನ ಮೇಲೆ ಹೊರಿಸಿಕೊಂಡ ಋಣದ ಪ್ರಶ್ನೆ. ಮೊದಲನೆಯದಕ್ಕೆ ಜಾಣ್ಮೆಯಿಂದ ಉತ್ತರ ಕೊಡಬಹುದು. ಎರಡನೆಯದಕ್ಕೆ ಜಾಣ್ಮೆ ಸಾಲದು.

‘ತಲಿ ತೋರಿಸಿದಾಗಾನ’ ಎಂಬ ಮಾತನ್ನು ಇತರ ಸೀಮೆಯ ಓದುಗರಿಗಾಗಿ ಸ್ವಲ್ಪ ಬಿಡಿಸಬೇಕಾಗಿದೆ. ಅವರು ಹೇಳಿದ ರಾಮನು ದಶರಥನ ಮಗನಲ್ಲ, ಕಂಪಿಲರಾಯನ ಮಗನಾದ ಕುಮಾರರಾಮ. ಸಿಂಧನೂರಿನಿಂದ ಗಂಗಾವತಿಯ ಕಡೆಗೆ ಹೋದರೆ ಅವನ ಕುಮ್ಮಟದುರ್ಗದ ಸೀಮೆ ಸಿಗುತ್ತದೆ. ಈ ಪ್ರದೇಶಕ್ಕೆ ಅವನಿಗಿಂತ ಹತ್ತಿರದ ವೀರನಿಲ್ಲ. ಚೆಂಡಾಟದಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದಿತು. ತರಲು ಹೋದ ಕುಮಾರನನ್ನು ಆಕೆ ಮೋಹಿಸಿದಳು. ಅವನು ಒಲ್ಲೆನೆಂದಾಗ ಅವನ ಮೇಲೆಯೇ ದೂರಿತ್ತಳು. ತಂದೆ ವಿಚಾರಿಸದೆ ಮಗನ ತಲೆಯನ್ನು ತರಹೇಳಿದನು. ಮಂತ್ರಿ ಬೈಚಪ್ಪನು ಕುಮಾರನನ್ನು ಗುಪ್ತವಾಗಿ ಅಡಗಿಸಿ, ಅವನನ್ನು ಹೋಲುವ ಮತ್ತೊಬ್ಬನ ತಲೆಯನ್ನು ತಂದು ತೋರಿಸಿದನು. ದಿಲ್ಲಿಯ ದಂಡು ಮತ್ತೆ ಮುತ್ತಿದಾಗ, ಸತ್ತನೆಂದುಕೊಂಡಿದ್ದ ರಾಮನು ಹೊರಬಂದು ಕಾದಿದನು. ಕೊನೆಗೆ ದಿಲ್ಲಿಯಿಂದ ಬಂದ ಮಾತಂಗಿಯೆಂಬ ಹೆಣ್ಣು ಎದುರಾದಾಗ, ಪರನಾರೀಸಹೋದರನೆಂಬ ಬಿರುದಿಗೆ ತಪ್ಪದೆ, ಆಕೆಯ ಮೇಲೆ ಕೈಮಾಡದೆ ಮಡಿದನು. ನಂಜುಂಡಕವಿಯೇ ಮೊದಲಾಗಿ ಹಲವರು ಇದನ್ನು ಸಾಂಗತ್ಯದಲ್ಲಿ ಹಾಡಿದ್ದಾರೆ. ಬಯಲಾಟಗಳಿಗೂ ಇದು ಇಳಿದಿದೆ.

ಈ ಕಥೆಯಲ್ಲಿ ಬಿರುಕುಗಳಿಲ್ಲವೆ? ಬೇಕಾದಷ್ಟಿವೆ. ಹೆತ್ತ ತಂದೆಗೆ ಮಗನ ತಲೆಯ ಗುರುತು ಸಿಗಲಿಲ್ಲವೆ? ತಂದೆ ಕೋಪದಿಂದ ಕುರುಡನಾಗಿದ್ದನೆನ್ನೋಣ, ತಾಯಿ ಹರಿಹರದೇವಿಗೂ ಗುರುತಾಗಲಿಲ್ಲವೆ? ತನ್ನ ಬದಲಿಗೆ ತಲೆಗೊಟ್ಟವನ ಮನೆಯವರಿಗೆ ಕುಮಾರನು ಏನು ಹೇಳಿದನು? ಈ ಕೊನೆಯ ಪ್ರಶ್ನೆಯನ್ನು ನಾವು ಯಾವ ವಿಮರ್ಶಾಗ್ರಂಥದಲ್ಲಿಯೂ ಕಂಡಿಲ್ಲ; ಆ ಚಹಾದಂಗಡಿಯ ಮುಂದೆಯೇ, ಚರ್ಚೆಯನ್ನು ಕೇಳುತ್ತ ನಿಂತಿದ್ದ ಮತ್ತೊಬ್ಬರಿಂದ ಕೇಳಿದೆವು. ಚರಿತ್ರೆಯನ್ನು ಮೊರೆಹೊಕ್ಕರೆ ಬಿರುಕು ಇನ್ನೂ ಅಗಲವಾಗುತ್ತದೆ. ಕಂಪಿಲಿಯ ಪತನ ನಡೆದುದು 1327ರ ಸುಮಾರಿಗೆ. ಸುಲ್ತಾನನ ವಿರುದ್ಧ ದಂಗೆಯೆದ್ದ ಬಹಾವುದ್ದೀನನಿಗೆ ಆಶ್ರಯವಿತ್ತುದರಿಂದ ಕಂಪಿಲಿಯ ರಾಯನಿಗೆ ವಿಪತ್ತು ಬಂದಿತೆಂದೂ, ಅರಮನೆಯ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರೆಂದೂ, ರಾಯನು ಕಾದಿ ಮಡಿದನೆಂದೂ ಇಬ್ನ್ ಬತೂತನು ಬರೆದಿದ್ದಾನೆ. ಅಲ್ಲಿ ರತ್ನಾಜಿಯೂ ಇಲ್ಲ, ಮಾತಂಗಿಯೂ ಇಲ್ಲ. ಹಾಗಿದ್ದರೂ ಜನರು ಕುಮಾರರಾಮನ ಕಥೆಯ ಮುಕ್ತಾಯವನ್ನು ಪ್ರಶ್ನಿಸುವುದು ಅಪೂರ್ವ. ತಲೆಯ ಗುರುತಿನ ವಿಷಯದಲ್ಲಿ ತಕರಾರು ಮಾಡುವವರೂ ಮಾತಂಗಿಯ ಎದುರಿನ ಮರಣವನ್ನು ಒಪ್ಪುತ್ತಾರೆ. ಏಕೆಂದರೆ ಅವನ ಇಡೀ ಬಾಳು ಆ ಒಂದು ಬಿರುದಿನ ಮೇಲೆ ನಿಂತಿದೆ. ರತ್ನಾಜಿಯ ಅರಮನೆಯಲ್ಲಿ ಅವನನ್ನು ಕಾಪಾಡದೆ ಹೋದ ಶೀಲವೇ ಮಾತಂಗಿಯ ಎದುರಿನಲ್ಲಿ ಅವನನ್ನು ಕೊಲ್ಲುತ್ತದೆ. ನಡುವಿನ ತಲೆಯ ಉಪಾಯ ಎಷ್ಟೇ ಕೃತಕವಾಗಿರಲಿ, ತುದಿಯು ಮೊದಲಿಗೆ ಋಣಿಯಾಗಿದೆ.

ಆಕ್ಷೇಪಗಳನ್ನು ಹೀಗೆ ತೂಗಿನೋಡುವ ಕ್ರಮ ಹೊಸದೇನೂ ಅಲ್ಲ. ಅರಿಸ್ಟಾಟಲನ ಕಾವ್ಯಮೀಮಾಂಸೆಯ 25ನೆಯ ಅಧ್ಯಾಯವು ಮೊದಲಿನಿಂದ ಕೊನೆಯವರೆಗೆ ಇಂತಹ ಆಕ್ಷೇಪಗಳಿಗೂ ಅವುಗಳ ಪರಿಹಾರಗಳಿಗೂ ಮೀಸಲಾಗಿದೆ. ಹೋಮರನ ಕಥೆಯಲ್ಲಿ ತಪ್ಪು ಹುಡುಕುವುದು ಗ್ರೀಕರ ಒಂದು ಹವ್ಯಾಸವೇ ಆಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಹೆಣ್ಣುಜಿಂಕೆಗೆ ಕೊಂಬಿಲ್ಲವೆಂಬುದನ್ನರಿಯದೆ ಕೊಂಬು ಬರೆದ ಚಿತ್ರಕಾರನ ತಪ್ಪು, ಜಿಂಕೆಯನ್ನು ಗುರುತೇ ಸಿಗದಂತೆ ಬರೆದವನ ತಪ್ಪಿಗಿಂತ ಸಣ್ಣದೆಂದು ಆತನು ತೀರ್ಪು ಕೊಡುತ್ತಾನೆ. ಒಂದು ತಪ್ಪು ಲೋಕಜ್ಞಾನದ್ದು, ಇನ್ನೊಂದು ಕಲೆಯದು. ನಮ್ಮ ಆನಂದವರ್ಧನನು 9ನೆಯ ಶತಮಾನದಲ್ಲಿ ಇನ್ನೊಂದು ದಿಕ್ಕಿನಿಂದ ಇದೇ ನೆಲೆಗೆ ಬರುತ್ತಾನೆ. ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ಒಗ್ಗದ ಭಾಗವಿದ್ದರೆ ಕವಿಯು ಅದನ್ನು ಬಿಟ್ಟು ಬೇರೆಯದನ್ನು ಕಲ್ಪಿಸಿಕೊಳ್ಳತಕ್ಕದ್ದು. ನಡೆದುದನ್ನು ನಡೆದಂತೆ ಹೇಳುವುದಕ್ಕೆ ಇತಿಹಾಸವಿದೆಯೆಂಬುದು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದ ಅಭಿಪ್ರಾಯ. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಬಲ್ಲೆನೆಂದು ಒಳಗೇ ತಿಳಿದಿದ್ದೂ ಸಭೆಯಲ್ಲಿ ಅರಿಯೆನೆಂದನು. ಈ ನಡತೆ ನಾಯಕನಿಗೆ ಸಲ್ಲದೆಂದು ಕಂಡ ಕಾಳಿದಾಸನು ದುರ್ವಾಸನ ಶಾಪವನ್ನೂ ಉಂಗುರವನ್ನೂ ತಂದನು. ಅಂದಮೇಲೆ ‘ಇದು ಹೀಗಿರಬಾರದಿತ್ತು’ ಎಂದು ಮೊದಲು ಹೇಳಿದ ಪ್ರೇಕ್ಷಕನು ಕಾಳಿದಾಸನೇ. ಉಂಗುರವನ್ನು ಮೀನು ನುಂಗಿದುದು, ಆ ಮೀನೇ ಬೆಸ್ತನ ಬಲೆಗೆ ಬಿದ್ದುದು ಎಷ್ಟು ಆಕಸ್ಮಿಕ! ಆದರೂ ಅದನ್ನು ಆಕ್ಷೇಪಿಸಿದವರು ವಿರಳ.

ಕನ್ನಡದ ಆದಿಕವಿಯಲ್ಲಿ ಈ ಸಮಸ್ಯೆ ಇನ್ನೂ ಬಿಕ್ಕಟ್ಟಾಗಿದೆ. ಪಂಪನು 941ರ ಸುಮಾರಿನಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದಾಗ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ನಿಲ್ಲಿಸಬೇಕಾಗಿತ್ತು. ಅರಸನ ಹೆಂಡತಿಗೆ ಐವರು ಗಂಡಂದಿರೆಂದರೆ ನಡೆಯದು. ಆದುದರಿಂದ ದ್ರೌಪದಿಯು ಅರ್ಜುನನೊಬ್ಬನ ಪತ್ನಿಯಾದಳು. ಸಮಸ್ಯೆ ತೀರಿತೆ? ತೀರಿದ ಕಡೆಯಲ್ಲಿಯೇ ಮತ್ತೊಂದು ಹುಟ್ಟಿತು. ದ್ಯೂತಸಭೆಯಲ್ಲಿ ಆಕೆಯ ಮುಡಿಗೆ ಕೈಹಾಕಿದ ದುಶ್ಶಾಸನನ ಮೇಲೆ ಪ್ರತಿಜ್ಞೆ ಮಾಡುವವನು ಭೀಮ. ಯುದ್ಧದಲ್ಲಿ ಅವನನ್ನು ಸೀಳಿ ಆಕೆಯ ಮುಡಿಯನ್ನು ಕಟ್ಟುವವನೂ ಭೀಮ. ಮೂಲದಲ್ಲಿ ಅದು ಗಂಡನ ಕೋಪ. ಪಂಪನಲ್ಲಿ ಮೈದುನನ ಅಥವಾ ಭಾವನ ಕೋಪವಾಗುತ್ತದೆ. ಹೆಂಡತಿಗೆ ಅವಮಾನವಾದಾಗ ಅರ್ಜುನನೇಕೆ ಹಿಂದೆ ನಿಂತನು ಎಂದು ಕೇಳಿದರೆ ಕಾವ್ಯದೊಳಗೆ ಉತ್ತರವಿಲ್ಲ. ಕೊನೆಯಲ್ಲಿ ಪಟ್ಟವಾಗುವುದು ಅರ್ಜುನನಿಗೆ. ಅವನ ಪಕ್ಕದಲ್ಲಿ ಕುಳಿತುಕೊಳ್ಳುವವಳು ಸುಭದ್ರೆ. ಯಾರ ಮುಡಿಯ ನಿಮಿತ್ತವಾಗಿ ಭಾರತವೆಲ್ಲ ನಡೆಯಿತೋ ಆಕೆಗೆ ಮುಕ್ತಾಯದಲ್ಲಿ ಸ್ಥಾನವಿಲ್ಲ.

ನಮ್ಮ ವಿದ್ವಾಂಸರು ಇದನ್ನು ಗಮನಿಸಿಯೇ ಇದ್ದಾರೆ; ಆಶ್ರಯದ ನಿರ್ಬಂಧವೆಂದು ಕವಿಯನ್ನು ಕ್ಷಮಿಸಿದವರೂ ಉಂಟು. ನಮಗಾದರೋ ಈ ಕ್ಷಮೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಪಂಪನು ಕಥೆಯ ಒಂದು ಗಂಟನ್ನು ಬಿಚ್ಚಿದನು, ಆ ಗಂಟಿಗೆ ಹೊಂದಿಕೊಂಡಿದ್ದ ದಾರಗಳನ್ನು ಹಾಗೆಯೇ ಬಿಟ್ಟನು. ಅವನ ಮಹತ್ತ್ವ ಇದರಿಂದ ಕುಂದುವುದಿಲ್ಲ. ಕರ್ಣನನ್ನು ಕುರಿತ ಅವನ ಆರ್ದ್ರತೆಯೊಂದೇ ಅವನನ್ನು ಉಳಿಸೀತು. ಆದರೆ ಸಾಮಾನ್ಯ ಕೇಳುಗನೊಬ್ಬನು ‘ಗಂಡ ಇದ್ದಾಗ ಭೀಮ ಯಾಕ?’ ಎಂದು ಕೇಳಿದರೆ ಅದು ಪಂಡಿತರ ಆಕ್ಷೇಪಕ್ಕಿಂತ ಕಡಮೆಯ ಆಕ್ಷೇಪವಲ್ಲ, ಅದೇ ಆಕ್ಷೇಪ. ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ ರನ್ನನು ಸಾಹಸಭೀಮವಿಜಯದಲ್ಲಿ ಕಥೆಯನ್ನು ಭೀಮನ ಸುತ್ತ ಕಟ್ಟಿ ಪಟ್ಟವನ್ನೂ ಅವನಿಗೇ ಕೊಡಿಸಿದಾಗ, ಮುಡಿಯೂ ಗದೆಯೂ ಪಟ್ಟವೂ ಒಂದೇ ಕೈಗೆ ಬಂದವು. ಸಂವಿಧಾನದ ದೃಷ್ಟಿಯಿಂದ ಇದು ಹೆಚ್ಚು ಬಿಗಿ. ಆದರೆ ಅಲ್ಲಿಯೂ ಪ್ರತಿನಾಯಕನೇ ಓದುಗರ ಹೃದಯವನ್ನು ಸೆಳೆದುಕೊಂಡನು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ‘ಗದಾಯುದ್ಧ ನಾಟಕಂ’ ಎಂದು ಆ ಕಾವ್ಯವನ್ನು ದುರ್ಯೋಧನನ ರುದ್ರನಾಟಕವಾಗಿ ಮರುಜೋಡಣೆ ಮಾಡಿದುದು, ಒಂಬತ್ತು ಶತಮಾನಗಳ ಓದುಗರ ಗೊಣಗಾಟಕ್ಕೆ ಕೊನೆಗೂ ದೊರೆತ ರಂಗರೂಪವೆಂದು ನಾವು ತಿಳಿಯುತ್ತೇವೆ. ಖಳನ ಕಡೆಗೆ ಮನಸ್ಸು ಹರಿಯುವುದು ಇಂದಿನ ಚಿತ್ರಗಳ ಪ್ರೇಕ್ಷಕರಿಗೂ ಉಂಟು. 2021ರಲ್ಲಿ ಕನ್ನಡ ಧ್ವನಿಯಲ್ಲಿಯೂ ಬಂದ ಮಲಯಾಳದ ‘ಮಿನ್ನಲ್ ಮುರಳಿ’ಯಲ್ಲಿ ನಾಯಕನಿಗೆ ಬಡಿದ ಸಿಡಿಲೇ ಬಡಿದು ಬಲವನ್ನು ಪಡೆದ ಶಿಬು ಎಂಬವನ ದುಃಖವೇ ನಾಯಕನ ವಿಜಯಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತದೆಂದು ಹಲವರು ಹೇಳುತ್ತಾರೆ.

ಮುಕ್ತಾಯವನ್ನು ಬದಲಿಸುವ ಹಕ್ಕಿನ ವಿಷಯದಲ್ಲಿ ನಮ್ಮ ಭಾಷೆಯಲ್ಲಿ ನಡೆದ ಅತ್ಯಂತ ಗಂಭೀರವಾದ ವಾದವೆಂದರೆ ‘ಶೂದ್ರ ತಪಸ್ವಿ’ಯನ್ನು ಕುರಿತದ್ದು. 1944ರಲ್ಲಿ ಪ್ರಕಟವಾದ ಆ ನಾಟಕದಲ್ಲಿ ಕುವೆಂಪು ಅವರು ಶಂಬೂಕನನ್ನು ಸಾಯಗೊಡಲಿಲ್ಲ. ರಾಮನು ಬಿಟ್ಟ ಅಸ್ತ್ರವು ತಪಸ್ವಿಯನ್ನು ಬಿಟ್ಟು, ಅವನ ವಧೆಯನ್ನು ಬೇಡಿಬಂದ ಬ್ರಾಹ್ಮಣನನ್ನೇ ಅಟ್ಟಿಕೊಂಡು ಬರುತ್ತದೆ. ಅವನಿಗೆ ಅರಿವು ಮೂಡುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದನ್ನು ಒಪ್ಪಲಿಲ್ಲ. ಪುರಾಣಕಥೆಯನ್ನು ಹೀಗೆ ತಿರುಗಿಸುವುದಕ್ಕಿಂತ ಹೊಸ ಕಥೆಯನ್ನೇ ಕಟ್ಟಬಹುದಿತ್ತೆಂಬುದು ಅವರ ಆಕ್ಷೇಪದ ಸಾರ. ಕುವೆಂಪು ಅವರು ಅದಕ್ಕೆ ಉತ್ತರವನ್ನೂ ಬರೆದರು. ಇಬ್ಬರೂ ದೊಡ್ಡವರು, ಇಬ್ಬರ ಮಾತಿನಲ್ಲಿಯೂ ತೂಕವಿದೆ. ಆದರೂ ಪಕ್ಷ ಹಿಡಿಯಬೇಕಾದರೆ ನಾವು ಕುವೆಂಪು ಅವರ ಕಡೆಗೆ ನಿಲ್ಲುತ್ತೇವೆ. ತಪಸ್ಸು ಮಾಡಿದ ಅಪರಾಧಕ್ಕೆ ಒಬ್ಬನ ತಲೆ ಹೋಗುವುದು ಕಥೆಯ ಬಿರುಕಲ್ಲ, ಧರ್ಮದ ಬಿರುಕು. ಹೊಸ ಕಥೆಯನ್ನು ಕಟ್ಟಿದ್ದರೆ ಹಳೆಯ ಬಿರುಕು ಹಾಗೆಯೇ ಉಳಿಯುತ್ತಿತ್ತು. ಜನರ ಬಾಯಲ್ಲಿ ಇರುವ ಕಥೆಯೊಳಗೇ ಕೈಹಾಕಿದುದರಿಂದಲೇ ಆ ನಾಟಕಕ್ಕೆ ಬಿಸಿ ತಟ್ಟಿತು. ಶ್ರೀರಾಮಾಯಣದರ್ಶನದಲ್ಲಿ ಸೀತೆಯ ಹಿಂದೆ ರಾಮನೂ ಅಗ್ನಿಯನ್ನು ಹೊಕ್ಕುದು ಇದೇ ಧೈರ್ಯದ ಇನ್ನೊಂದು ಮುಖ.

ಇನ್ನು ಹೊರದೇಶದ ಅತಿಮಾನುಷ ವೀರರ ಮಾತು. ನಮ್ಮ ರಾಯಚೂರಿನ ಕಡೆಯ ಯುವಕರು ಅವರನ್ನು ಬಹುಮಟ್ಟಿಗೆ ತೆಲುಗು ಇಲ್ಲವೆ ಹಿಂದಿಯ ಧ್ವನಿಯಲ್ಲಿ ಕೇಳಿದವರು. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರದಲ್ಲಿ ಕ್ಯಾಪ್ಟನ್ ಅಮೆರಿಕನು ಭೂತಕಾಲಕ್ಕೆ ಹೋಗಿ, ಅಲ್ಲಿಯೇ ಸಂಸಾರ ಹೂಡಿ, ಮುದುಕನಾಗಿ ಬಂದು ಬೆಂಚಿನ ಮೇಲೆ ಕುಳಿತಿರುತ್ತಾನೆ. ಭೂತಕಾಲವನ್ನು ಬದಲಿಸಿದರೆ ಬೇರೆಯೇ ಒಂದು ಕಾಲದ ಕವಲು ಹುಟ್ಟುತ್ತದೆಂದು ಚಿತ್ರವೇ ಮೊದಲು ವಿಧಿಸಿತ್ತು. ಹಾಗಾದರೆ ಬೇರೆ ಕವಲಿನ ಮುದುಕನು ಈ ಬೆಂಚಿಗೆ ಹೇಗೆ ಬಂದ? ಅವನು ಬೇರೆ ಕವಲಿನಲ್ಲಿ ಬಾಳಿದನೆಂದು ನಿರ್ದೇಶಕರಾದ ರೂಸೋ ಸೋದರರು ಹೇಳಿದರು. ಇದೇ ಕಾಲದಲ್ಲಿ ಬಾಳಿದನೆಂದು ಕಥೆ ಬರೆದ ಮಾರ್ಕಸ್ ಮತ್ತು ಮ್ಯಾಕ್‌ಫೀಲಿ ಹೇಳಿದರು. ಬರೆದವರಿಗೂ ತೆಗೆದವರಿಗೂ ಒಮ್ಮತವಿಲ್ಲದ ಮೇಲೆ ನೋಡುವವರು ಜಗಳವಾಡುವುದು ಅಪರಾಧವಾಗದು. ಇದಕ್ಕಿಂತ ವಿಚಿತ್ರವಾದುದು 1988ರಲ್ಲಿ ನಡೆಯಿತು. ಬ್ಯಾಟ್‌ಮನ್ನನ ಸಂಗಡಿಗನಾದ ರಾಬಿನ್ ಬದುಕಬೇಕೋ ಸಾಯಬೇಕೋ ಎಂದು ಚಿತ್ರಕಥೆಯ ಪ್ರಕಾಶಕರು ಓದುಗರಿಂದ ದೂರವಾಣಿಯ ಮೂಲಕ ಮತ ಕೇಳಿದರು. ಸಾಯಲೆಂದವರು 5,343; ಬದುಕಲೆಂದವರು 5,271. 72 ಮತಗಳ ಅಂತರದಿಂದ ಹುಡುಗ ಸತ್ತ. ಮತದಿಂದ ತೀರ್ಮಾನವಾಗತಕ್ಕ ಸಂಗತಿಗಳು ಲೋಕದಲ್ಲಿ ಅನೇಕವಿವೆ. ಪಾತ್ರದ ಮರಣ ಅವುಗಳಲ್ಲಿ ಒಂದೆಂದು ನಮಗೆ ತೋರುವುದಿಲ್ಲ. ಅಲ್ಲಿ ಯಾರೂ ಆಕ್ಷೇಪವನ್ನು ವಿವರಿಸಬೇಕಾಗಿರಲಿಲ್ಲ, ಎಣಿಕೆಗೆ ಸೇರಿದರೆ ಸಾಕಾಗಿತ್ತು. ಚಹಾದಂಗಡಿಯ ಚಿಕ್ಕಪ್ಪನವರಿಗೆ ಇಂತಹ ಅನುಕೂಲವಿಲ್ಲ. ಅವರು ಕಾರಣ ಕೊಡಬೇಕು.

ಕಾರಣ ಕೊಟ್ಟಮೇಲೆ ಏನಾಗುತ್ತದೆ ಎಂಬಲ್ಲಿ ಹಳೆಯ ಪ್ರೇಕ್ಷಕನಿಗೂ ಹೊಸಬನಿಗೂ ದೊಡ್ಡ ಅಂತರವಿದೆ. ದೊಡ್ಡಾಟದ ಪ್ರಸಂಗವು ಮಾಸ್ತರರ ಕೈಬರಹದ ಪುಸ್ತಕದಲ್ಲಿ ಇರುತ್ತದೆ. ಊರಿನ ಹಿರಿಯರು ಒಂದು ಮಾತು ಸಲ್ಲದೆಂದರೆ ಮುಂದಿನ ವರ್ಷದ ಆಟಕ್ಕೆ ಅದು ತಿದ್ದಲ್ಪಡಬಹುದು. ಒಂದು ಊರಿನಲ್ಲಿ ಹಾಡಿದ ಪದ ಪಕ್ಕದ ಊರಿನಲ್ಲಿ ಬೇರೆಯಾಗಬಹುದು. ಕುಮಾರರಾಮನ ಕಥೆಗೆ ಅನೇಕ ಪಾಠಗಳಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಅಲ್ಲಿ ಆಕ್ಷೇಪವು ಪಾಠಾಂತರವಾಗಿ ಮಾರ್ಪಡುತ್ತದೆ. ಚಲನಚಿತ್ರದಲ್ಲಿ ಹಾಗಲ್ಲ. ಕಥೆ ಒಡೆಯರ ಸ್ವತ್ತು. ಪ್ರೇಕ್ಷಕನಿಗೆ ಉಳಿದದ್ದು ಬಾಯಿಮಾತು ಮಾತ್ರ. 2017ರ ‘ಜಸ್ಟಿಸ್ ಲೀಗ್’ ಚಿತ್ರವನ್ನು ಅಭಿಮಾನಿಗಳು ವರ್ಷಗಟ್ಟಲೆ ಒತ್ತಾಯಿಸಿ, ಮೊದಲ ನಿರ್ದೇಶಕ ಸ್ನೈಡರರ ಪಾಠದಲ್ಲಿ 2021ರಲ್ಲಿ ಹೊರತರಿಸಿದರು. ಆದರೆ ಅದು ಅಪವಾದ, ಅದೂ ಒಡೆಯರಿಗೆ ಲಾಭ ಕಂಡಾಗ ಮಾತ್ರ ಒದಗಿದುದು. ಈ ಭೇದವನ್ನು ಮರೆತು ಇಂದಿನ ಯುವಕರ ವಾದಗಳನ್ನು ಕಾಲಹರಣವೆಂದು ಹೀಗಳೆಯುವುದು ನ್ಯಾಯವಲ್ಲ. ಕವಿಯಾಗಬಹುದಾಗಿದ್ದ ಹಕ್ಕು ಕೈತಪ್ಪಿದವರು ವಾದವನ್ನಾದರೂ ಮಾಡದೆ ಇರುವುದು ಹೇಗೆ?

ಮತ್ತೆ ‘ಕೆ.ಜಿ.ಎಫ್.’ಗೆ ಬರೋಣ. ಆ ಚಿತ್ರದ ಮೇಲಿನ ಆಕ್ಷೇಪಗಳಲ್ಲಿ ಹಲವನ್ನು ಬೇಗ ದಾಟಿಹೋಗಬಹುದು. ಮೊದಲ ಅಧ್ಯಾಯದಲ್ಲಿ ಕಥೆ ಹೇಳುವ ಆನಂದ ಇಂಗಳಗಿಯಾಗಿ ಅನಂತನಾಗ್ ಅವರಿದ್ದರು. ಎರಡನೆಯದರಲ್ಲಿ ಅವನಿಗೆ ಆರೋಗ್ಯ ಕೆಟ್ಟಿತೆಂದು ಹೇಳಿ, ಮಗನ ಪಾತ್ರದಲ್ಲಿ ಪ್ರಕಾಶ್ ರೈ ಬಂದರು. ರಾತ್ರಿಯಿಡೀ ನಡೆಯುವ ಬಯಲಾಟಗಳಲ್ಲಿ ಒಂದೇ ಪಾತ್ರವನ್ನು ಇಬ್ಬರು ಹಂಚಿಕೊಂಡು ಆಡುವುದನ್ನು ಕಂಡವರಿಗೆ ಇದು ತೊಡಕಾಗದು. ನಾಯಕನು ಒಬ್ಬನೇ ಇದ್ದಾಗ ಆಡಿದ ಮಾತು ಇಂಗಳಗಿಗೆ ಹೇಗೆ ತಿಳಿಯಿತೆಂಬುದು ಸ್ವಲ್ಪ ಗಟ್ಟಿಯಾದ ಪ್ರಶ್ನೆ. ವ್ಯಾಸರು ಇದನ್ನು ಮುಂದಾಗಿಯೇ ಕಂಡು ಸಂಜಯನಿಗೆ ದಿವ್ಯದೃಷ್ಟಿಯನ್ನು ಕೊಡಿಸಿದ್ದರು. ಚಿನ್ನವು 1951ರಲ್ಲಿ ಸಿಕ್ಕಿತೆಂದು ಚಿತ್ರ ಹೇಳುತ್ತದೆ. ನಿಜವಾದ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿಯೇ ಕೈಹಾಕಿತ್ತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು, 2001ರಲ್ಲಿ ಗಣಿ ಮುಚ್ಚಿತು. ಇದು ಜಿಂಕೆಯ ಕೊಂಬಿನಂತಹ ತಪ್ಪು. ಕಲ್ಪಿತ ಕಥೆಯೆಂದು ಒಪ್ಪಿಕೊಂಡ ಮೇಲೆ ಕವಿಗೆ ಅಷ್ಟು ಸಲಿಗೆ ಸಲ್ಲುತ್ತದೆ.

ಆದರೆ ಈ ಸೀಮೆಯವರೇ ಎತ್ತಬಲ್ಲ ಆಕ್ಷೇಪವೊಂದುಂಟು. ಹಟ್ಟಿಯಲ್ಲಿ ದುಡಿದು ನಿವೃತ್ತರಾದ ಒಬ್ಬರು ನಮ್ಮೊಡನೆ ಮಾತನಾಡುತ್ತ, ಗಣಿಯಲ್ಲಿ ಚಿನ್ನ ಕಣ್ಣಿಗೆ ಕಾಣುವುದೇ ಅಪರೂಪವೆಂದರು. ಒಂದು ಟನ್ ಅದಿರನ್ನು ಒಡೆದು, ನುಣ್ಣಗೆ ಅರೆದು, ಸಯನೈಡಿನಲ್ಲಿ ಕರಗಿಸಿ ತೆಗೆದರೆ ಸಿಗುವುದು ಕೆಲವು ಗ್ರಾಂ. ಟನ್ನಿಗೆ 4 ಗ್ರಾಮಿನಂತೆ ಹಿಡಿದರೆ ಒಂದು ಘನ ಮೀಟರು ಚಿನ್ನಕ್ಕೆ, ಎಂದರೆ 19 ಟನ್ನಿಗೆ ಮೀರಿದ ತೂಕಕ್ಕೆ, 48 ಲಕ್ಷ ಟನ್ನು ಕಲ್ಲು ಬೇಕು. ಕೋಲಾರದಲ್ಲಿ ನೂರಿಪ್ಪತ್ತು ವರ್ಷ ತೆಗೆದದ್ದೆಲ್ಲ ಸೇರಿ ಸುಮಾರು 800 ಟನ್. ಅದನ್ನು ಒಟ್ಟಿದರೆ ಒಂದು ದೊಡ್ಡ ಕೋಣೆಯೂ ತುಂಬದು. ಹಡಗಿನಲ್ಲಿ ಹಿಡಿಯುವುದೇ ಎಂಬ ಯುವಕರ ಪ್ರಶ್ನೆಗೆ ಇದರಿಂದ ಉತ್ತರ ಸಿಕ್ಕಿತು. ಅವರು ಕೇಳದೆ ಬಿಟ್ಟ ಪ್ರಶ್ನೆ ಇದರಿಂದಲೇ ಎದ್ದಿತು: ಆ ಒಂದು ಕೋಣೆಗಾಗಿ ಎಷ್ಟು ಕಲ್ಲು, ಎಷ್ಟು ಮಂದಿಯ ಶ್ವಾಸಕೋಶದೊಳಕ್ಕೆ ಇಳಿದ ಎಷ್ಟು ಧೂಳು? ನಾವು ಕೇಳಿದ ವಾದಗಳೆಲ್ಲ ನಾಯಕನ ಸುತ್ತಲೇ ತಿರುಗುತ್ತಿದ್ದವು. ಚಿನ್ನವನ್ನು ತೆಗೆದವರ ಪಾಲು ಸಮುದ್ರಕ್ಕೆ ಹೋಯಿತಲ್ಲ ಎಂದು ಕೇಳಿದವರು ಆ ನಿವೃತ್ತರೊಬ್ಬರೇ. ಕುಮಾರರಾಮನ ಬದಲಿಗೆ ತಲೆಗೊಟ್ಟವನ ಮನೆಯವರನ್ನು ಕುರಿತ ಪ್ರಶ್ನೆಗೂ ಇದಕ್ಕೂ ನಂಟುಂಟು.

ತಾಯಿಯ ಮಾತಿನ ವಿಷಯ ಉಳಿಯಿತು. ಮುಳುಗುವ ಹಡಗಿನ ಮುಕ್ತಾಯವು ಕಥೆಗೆ ತಕ್ಕುದೆಂದೇ ನಮ್ಮ ಮತ. ಸಿರಿವಂತನಾಗಿ ಸಾಯಬೇಕೆಂಬ ಮಾತಿನಲ್ಲಿ ‘ಸಾಯಬೇಕು’ ಎಂಬುದೂ ಇದೆ. ಸಿರಿಯನ್ನು ಯಾರಿಗೂ ಬಿಡದೆ, ಅದರೊಡನೆಯೇ ಮುಳುಗುವುದರಲ್ಲಿ ಆ ಮಾತಿನ ಪೂರ್ಣತೆಯೂ ಅದರ ಭೀಕರತೆಯೂ ಒಟ್ಟಿಗೆ ಕಾಣುತ್ತವೆ. ಅನಂತರದ ಕಡತವನ್ನು ಹಲವರು ನಾಯಕನು ಬದುಕಿದ್ದಾನೆಂಬುದಕ್ಕೆ ಸಾಕ್ಷ್ಯವೆಂದು ಹಿಡಿದಿದ್ದಾರೆ. ಅದು ಸರಿಯಲ್ಲ. ಕಡತದ ಕೃತ್ಯಗಳು 1981ಕ್ಕೆ ಮುಗಿಯುತ್ತವೆ. ಅವು ಹಡಗು ಮುಳುಗುವುದಕ್ಕೆ ಹಿಂದಿನವು, ನಡುವೆ ಹೇಳದೆ ಬಿಟ್ಟ ವರ್ಷಗಳವು. ಮೂರನೆಯ ಅಧ್ಯಾಯವೊಂದು ಆ ವರ್ಷಗಳನ್ನು ತುಂಬುವುದಾದರೆ ಮುಕ್ತಾಯಕ್ಕೆ ಭಂಗವಿಲ್ಲ. ನಾಯಕನನ್ನು ನೀರಿನಿಂದ ಎಬ್ಬಿಸುವುದಾದರೆ ತಾಯಿಗೆ ಕೊಟ್ಟ ಮಾತು ಬರಿಯ ಮುಂದೂಡಿಕೆಯಾಗುತ್ತದೆ. ಚಿಕ್ಕಪ್ಪನವರ ಆಕ್ಷೇಪಕ್ಕೆ ಆಗ ಯಾವ ಸಮಾಧಾನವೂ ಇರದು.

ದೊಡ್ಡಾಟದಲ್ಲಿ ಮಡಿದ ವೀರನ ಪಾತ್ರಧಾರಿಯು ಬೆಳಗಿನ ಜಾವ ಎದ್ದುಬಂದು ಮಂಗಳಕ್ಕೆ ಎಲ್ಲರೊಡನೆ ನಿಲ್ಲುತ್ತಾನೆ. ಅವನು ಬದುಕಿದನೆಂದು ಯಾರೂ ತಿಳಿಯುವುದಿಲ್ಲ. ಮುಖದ ಬಣ್ಣ ಅರ್ಧ ಅಳಿಸಿರುತ್ತದೆ, ಹೊಲಕ್ಕೆ ಹೋಗುವ ಹೊತ್ತಾಗಿರುತ್ತದೆ. ಈ ಸೀಮೆಯ ಮಾಸ್ತರರ ಮನೆಗಳಲ್ಲಿ ಕುಮಾರರಾಮನ ಪ್ರಸಂಗದ ಕೈಬರಹದ ಪುಸ್ತಕಗಳು ಇನ್ನೂ ಉಳಿದಿದ್ದರೆ, ಅವುಗಳನ್ನು ಹುಡುಕಿ ಒಂದಕ್ಕೊಂದು ಹೋಲಿಸಿ ನೋಡುವ ಕೆಲಸಕ್ಕೆ ಇಲ್ಲಿಯ ಕಾಲೇಜುಗಳ ವಿದ್ಯಾರ್ಥಿಗಳು ಕೈಹಾಕಬಹುದು. ಯಾವ ಊರಿನಲ್ಲಿ ಯಾವ ಪದ ತಿದ್ದಲ್ಪಟ್ಟಿದೆ, ತಾಯಿ ಹರಿಹರದೇವಿ ಆ ತಲೆಯನ್ನು ಕಂಡು ಏನೆಂದಳು, ಬದಲಿಗೆ ಸತ್ತವನಿಗೆ ಯಾವುದಾದರೂ ಪ್ರತಿಯಲ್ಲಿ ಒಂದು ಹೆಸರು, ಒಂದು ಪದ ಸಂದಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು.